ಖಾಲಿ ಬಾಟಲಿ, ಮಫಿನ್ ತಲೆ, ಬಿಎ ಮೊದಲ ವರ್ಷ: ‘ದಿ ಎಕನಾಮಿಕ್ಸ್ ಆಫ್ ಸೈನ್‌ಫೆಲ್ಡ್’ ಎರಡು ಸೆಮಿಸ್ಟರ್ ಬಳಸಿದ ಮೇಲೆ

ಅರ್ಥಶಾಸ್ತ್ರ ಪಾಠ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ನಿಮಗೆ ಗೊತ್ತೇ ಇರುತ್ತದೆ, ‘ಸೀಮಾಂತ ವೆಚ್ಚ’ (ಇನ್ನೊಂದು ಹೆಚ್ಚು ಮಾಡಲು ಆಗುವ ಹೆಚ್ಚಿನ ಖರ್ಚು) ಅಂತ ಬೋರ್ಡ್ ಮೇಲೆ ಬರೆದ ತಕ್ಷಣ ಕ್ಲಾಸಿನಲ್ಲಿ ಏನಾಗುತ್ತದೆ ಅಂತ. ಎಲ್ಲರೂ ತಲೆ ಬಗ್ಗಿಸುತ್ತಾರೆ. ವ್ಯಾಖ್ಯೆ ನೋಟ್ಸಿಗೆ ಇಳಿಯುತ್ತದೆ. ಪರೀಕ್ಷೆಯಲ್ಲಿ ಅದೇ ವ್ಯಾಖ್ಯೆ ಅಕ್ಷರ ತಪ್ಪದೆ ವಾಪಸ್ ಬರುತ್ತದೆ. ಮಧ್ಯದಲ್ಲಿ ಅರ್ಥ ಆಯಿತಾ ಇಲ್ಲವಾ ಅನ್ನುವುದು ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ನಾನು ಚಾಮರಾಜನಗರ ಜಿಲ್ಲೆಯ ಒಂದು ಡಿಗ್ರಿ ಕಾಲೇಜಿನಲ್ಲಿ 11 ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಹೀಗೆ ಅಕ್ಷರ ತಪ್ಪದ ಉತ್ತರಗಳಿಗೆ ಪೂರ್ತಿ ಅಂಕ ಕೊಡುವಾಗೆಲ್ಲ ಮನಸ್ಸಿಗೆ ಬೇಜಾರಾಗುತ್ತಿತ್ತು.

ಹಾಗಿದ್ದಾಗ ಸಿಕ್ಕಿದ್ದು ಈ ವೆಬ್‌ಸೈಟ್. ಹೆಸರು ‘ದಿ ಎಕನಾಮಿಕ್ಸ್ ಆಫ್ ಸೈನ್‌ಫೆಲ್ಡ್’. ಅಮೆರಿಕದ ಈಸ್ಟರ್ನ್ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಲಿಂಡಾ ಘೆಂಟ್ ಮತ್ತು ಅಲನ್ ಗ್ರಾಂಟ್, ಜೊತೆಗೆ ಜಾರ್ಜ್ ಲೆಸಿಕಾ, ಮೂವರೂ ಸೇರಿ ಮಾಡಿದ್ದು. ಅರ್ಥಶಾಸ್ತ್ರ ಬೋಧನೆಗೆ ಅಂತಲೇ ಇರುವ ಒಂದು ಪತ್ರಿಕೆಯಲ್ಲಿ 2011ರಲ್ಲಿ ಇದರ ಬಗ್ಗೆ ಲೇಖನವನ್ನೂ ಬರೆದಿದ್ದಾರೆ. ದುಡ್ಡು ಕೊಡಬೇಕಿಲ್ಲ. ಒಂದು ಹಳೆಯ ಹಾಸ್ಯ ಧಾರಾವಾಹಿಯ ಚಿಕ್ಕ ಚಿಕ್ಕ ತುಣುಕುಗಳನ್ನು ಆರಿಸಿ, ಪ್ರತಿಯೊಂದರ ಜೊತೆಗೆ ಏನು ನಡೆಯುತ್ತದೆ, ಯಾವ ಪರಿಕಲ್ಪನೆಗೆ ಆಗುತ್ತದೆ ಅಂತ ನಾಲ್ಕು ಸಾಲು ಬರೆದಿಟ್ಟಿದ್ದಾರೆ. ಪರಿಕಲ್ಪನೆ ಹಿಡಿದೂ ಹುಡುಕಬಹುದು, ಕಂತು ಹಿಡಿದೂ ಹುಡುಕಬಹುದು. ಅಷ್ಟೇ ಇರೋದು.

ಸೈನ್‌ಫೆಲ್ಡ್ ನೋಡದವರಿಗೆ ಎರಡು ಮಾತು. 1989ರಿಂದ 1998ರವರೆಗೆ ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ ಬಂದ ಧಾರಾವಾಹಿ ಇದು. 9 ಸೀಸನ್, 180 ಕಂತು. ಜೆರ್ರಿ ಸೈನ್‌ಫೆಲ್ಡ್, ಜಾರ್ಜ್, ಎಲೇನ್, ಕ್ರೇಮರ್ ಅನ್ನುವ ನಾಲ್ಕು ಜನ ನ್ಯೂಯಾರ್ಕಿನಲ್ಲಿ ದಿನ ಕಳೆಯುತ್ತಾರೆ. ದೊಡ್ಡ ಕಥೆ ಅಂತ ಇಲ್ಲ. ಪಾರ್ಕಿಂಗ್ ಜಾಗಕ್ಕೆ ಜಗಳ, ಹೋಟೆಲಿನಲ್ಲಿ ಟೇಬಲ್ ಸಿಗದ ಒದ್ದಾಟ, ಒಂದು ಡಾಲರ್ ಟಿಪ್ಸ್ ಹಾಕಿದ್ದನ್ನು ಅಂಗಡಿಯವನು ನೋಡಲಿಲ್ಲ ಅನ್ನುವ ಸಂಕಟ, ಇಂಥವೇ. ಅರ್ಥಶಾಸ್ತ್ರದ ಮೇಷ್ಟ್ರುಗಳಿಗೆ ಇದು ಯಾಕೆ ಹಿಡಿಸಿತು ಅಂತ ನಾಲ್ಕು ತುಣುಕು ನೋಡಿದ ಮೇಲೆ ಗೊತ್ತಾಯಿತು. ಈ ನಾಲ್ಕು ಜನ ಪ್ರತಿ ಕಂತಿನಲ್ಲೂ ಒಂದಲ್ಲ ಒಂದು ಲೆಕ್ಕ ಹಾಕುತ್ತಿರುತ್ತಾರೆ. ಇದಕ್ಕೆ ಅದು ಸಮವಾ, ಇಷ್ಟು ಕೊಟ್ಟರೆ ಅಷ್ಟು ಸಿಗುತ್ತಾ, ಕಾಯೋಣವಾ ಹೋಗೋಣವಾ. ನಾವು ಪುಸ್ತಕದಲ್ಲಿ ಹೇಳುವುದನ್ನು ಅವರು ಬಾಯಿಬಿಟ್ಟು ಜಗಳ ಆಡುತ್ತಾ ಹೇಳುತ್ತಾರೆ.

ಮೊದಲು ತೋರಿಸಿದ್ದು ಬಾಟಲಿ ಕ್ಲಿಪ್. ಅದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕಂದರೆ ಆ ದಿನದ ಕ್ಲಾಸು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ವಿಷಯ ಇಷ್ಟು. ಅಮೆರಿಕದ ಕೆಲವು ರಾಜ್ಯಗಳಲ್ಲಿ ಸೋಡಾ, ಬಿಯರ್ ಬಾಟಲಿಗೆ ಡೆಪಾಸಿಟ್ ಇರುತ್ತದೆ. ಖಾಲಿ ಬಾಟಲಿ ವಾಪಸ್ ಕೊಟ್ಟರೆ ನ್ಯೂಯಾರ್ಕಿನಲ್ಲಿ 5 ಸೆಂಟ್, ಮಿಷಿಗನ್‌ನಲ್ಲಿ 10 ಸೆಂಟ್. ಇದು ಕಥೆಗಾಗಿ ಕಟ್ಟಿದ್ದಲ್ಲ, ಅಲ್ಲಿನ ನಿಜವಾದ ಕಾನೂನು. 1996ರಲ್ಲಿ ಬಂದ ಆ ಕಂತಿನಲ್ಲಿ ಕ್ರೇಮರ್‌ನ ಗೆಳೆಯ ನ್ಯೂಮನ್‌ಗೆ ಆಸೆ ಹುಟ್ಟುತ್ತದೆ, ಇಲ್ಲಿನ ಬಾಟಲಿಗಳನ್ನು ಅಲ್ಲಿಗೆ ಹೊತ್ತುಕೊಂಡು ಹೋದರೆ ಎರಡರಷ್ಟು ಸಿಗುತ್ತದಲ್ಲ ಅಂತ. ಕ್ರೇಮರ್ ಆಗಲ್ಲ ಅನ್ನುತ್ತಾನೆ, ಅವನು ಈ ಲೆಕ್ಕವನ್ನೆಲ್ಲ ಹಿಂದೆಯೇ ಹಾಕಿ ನೋಡಿದ್ದಾನೆ.

ನಾನು ಅಲ್ಲಿಗೆ ಕ್ಲಿಪ್ ನಿಲ್ಲಿಸಿದೆ. ನಮ್ಮದು ಸ್ಮಾರ್ಟ್ ಕ್ಲಾಸ್ ಏನೂ ಅಲ್ಲ. ಇಲಾಖೆಯ ಪ್ರೊಜೆಕ್ಟರ್, ನನ್ನ ಲ್ಯಾಪ್‌ಟಾಪ್, ಮೊಬೈಲ್ ಹಾಟ್‌ಸ್ಪಾಟ್, ಕಿಟಕಿಗೆ ಹೊದಿಸಿದ ಎರಡು ಹಳೆಯ ಬ್ಯಾನರ್. ಬೋರ್ಡಿನಲ್ಲಿ ಒಂದು ಕಡೆ 5, ಇನ್ನೊಂದು ಕಡೆ 10 ಅಂತ ಬರೆದು ಕೇಳಿದೆ: ಹೋಗಬೇಕಾ ಬೇಡವಾ?

ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ, “ಎಷ್ಟು ದೂರ ಮೇಡಂ?” ಅಂದ. ಸಾವಿರ ಕಿಲೋಮೀಟರಿಗೂ ಜಾಸ್ತಿ ಅಂದೆ. “ಹಂಗಾದ್ರೆ ಡೀಸೆಲ್‌ಗೇ ಹೋಗುತ್ತೆ” ಅಂದ. ಅಲ್ಲಿಂದ ಶುರುವಾಯಿತು. 10,000 ಬಾಟಲಿ ಒಯ್ದರೆ ಜಾಸ್ತಿ ಸಿಗುವುದು 500 ಡಾಲರ್. ಇಲ್ಲಿ ಕೊಟ್ಟಿದ್ದರೂ ಬಾಟಲಿಗೆ 5 ಸೆಂಟ್ ಸಿಗುತ್ತಿತ್ತು, ಆದ್ದರಿಂದ ಲಾಭದ ಲೆಕ್ಕಕ್ಕೆ ಬರುವುದು 10 ಸೆಂಟ್ ಅಲ್ಲ, ಮಿಕ್ಕ 5 ಸೆಂಟ್ ಮಾತ್ರ. ಇದನ್ನು ನಾನು ಹೇಳಲಿಲ್ಲ, ಮೂರನೇ ಬೆಂಚಿನ ಹುಡುಗಿ ಎದ್ದು ನಿಂತು ಹೇಳಿದಳು. ಅವಕಾಶ ವೆಚ್ಚವನ್ನು, ಅಂದರೆ ಒಂದನ್ನು ಆರಿಸಿದಾಗ ಕೈಬಿಟ್ಟು ಹೋಗುವ ಇನ್ನೊಂದರ ಲಾಭವನ್ನು, ಇಷ್ಟು ಸಲೀಸಾಗಿ ನನ್ನ ಕ್ಲಾಸಿನಲ್ಲಿ ಅದಕ್ಕಿಂತ ಮುಂಚೆ ಯಾರೂ ಹೇಳಿರಲಿಲ್ಲ. ಬಾಟಲಿ ಜಾಸ್ತಿ ಹಾಕಿದರೆ ಸರಿ ಹೋಗುತ್ತೆ ಅಂತ ಒಬ್ಬ. ಜಾಸ್ತಿ ಬಾಟಲಿಗೆ ದೊಡ್ಡ ಗಾಡಿ, ದೊಡ್ಡ ಗಾಡಿಗೆ ಜಾಸ್ತಿ ಡೀಸೆಲ್ ಅಂತ ಇನ್ನೊಬ್ಬ.

ಆಮೇಲೆ ಮುಂದಿನ ಭಾಗ ಹಾಕಿದೆ. ನ್ಯೂಮನ್ ಅಂಚೆ ಇಲಾಖೆಯಲ್ಲಿ ಕೆಲಸ ಮಾಡುವವನು. ತಾಯಂದಿರ ದಿನದ ಮುಂಚೆ ಅಂಚೆ ಎಷ್ಟು ಜಾಸ್ತಿ ಬರುತ್ತದೆ ಅಂದರೆ ಮಿಷಿಗನ್ ಕಡೆಗೆ ಒಂದು ಹೆಚ್ಚುವರಿ ಗಾಡಿ ಹೋಗಬೇಕಾಗುತ್ತದೆ, ಅದರಲ್ಲಿ ಜಾಗವೂ ಉಳಿಯುತ್ತದೆ. ಗಾಡಿ ಹೇಗಿದ್ದರೂ ಹೋಗಲೇಬೇಕು. ಅಂದರೆ ಇವರ ಬಾಟಲಿ ಸಾಗಿಸಲು ಇವರಿಗೆ ಆಗುವ ಹೆಚ್ಚಿನ ಖರ್ಚು ಏನೂ ಇಲ್ಲ.

ಅದು ಮುಗಿಯುವುದರೊಳಗೆ ತೆರಕಣಾಂಬಿ ಕಡೆಯ ಹುಡುಗ ಕೂತಲ್ಲಿಂದಲೇ ಕೂಗಿದ: “ರಿಟರ್ನ್ ಗಾಡಿ ಮೇಡಂ, ಇದು ರಿಟರ್ನ್ ಗಾಡಿ!” ಅವನ ಮಾವನದು ತರಕಾರಿ ಲಾರಿ. ತೆರಕಣಾಂಬಿ ಮಾರ್ಕೆಟ್ಟಿನಿಂದ ಕೇರಳಕ್ಕೆ ಹೋಗುತ್ತದೆ. ಹೋಗುವಾಗ ತುಂಬಾ ಲೋಡು, ಬರುವಾಗ ಖಾಲಿ. ಬರುವಾಗ ಯಾರಾದರೂ ಸಾಮಾನು ಹಾಕುತ್ತೇನೆ ಅಂದರೆ ಮಾವ ಅರ್ಧ ಬಾಡಿಗೆಗೂ ಒಪ್ಪಿಕೊಳ್ಳುತ್ತಾರಂತೆ, ಯಾಕಂದರೆ ಗಾಡಿ ಖಾಲಿ ಆದರೂ ಊರಿಗೆ ಬರಲೇಬೇಕು. ಸೀಮಾಂತ ವೆಚ್ಚ ಅಂದರೆ ಇದೇ ಅಂತ ನಾನು ಬೋರ್ಡ್ ಮೇಲೆ ಬರೆದಾಗ ಯಾರೂ ತಲೆ ಬಗ್ಗಿಸಿ ಬರೆದುಕೊಳ್ಳಲಿಲ್ಲ. ಎಲ್ಲರೂ ಅವನನ್ನೇ ನೋಡುತ್ತಿದ್ದರು.

ಮಾತು ಅಲ್ಲಿಗೆ ನಿಲ್ಲಲಿಲ್ಲ. ಒಬ್ಬಳು ಕೇಳಿದಳು, ಖರ್ಚು ಇವರಿಗೆ ಇಲ್ಲ ಸರಿ, ಆದರೆ ಡೀಸೆಲ್ ಯಾರೋ ಹಾಕಿಸಿರುತ್ತಾರಲ್ಲ? ಅಂಚೆ ಇಲಾಖೆ ಗಾಡಿ ಅಂದರೆ ಜನರ ದುಡ್ಡಲ್ವಾ? ಅದಕ್ಕೆ ಇನ್ನೊಂದು ಹತ್ತು ನಿಮಿಷ ಹೋಯಿತು. ಆಮೇಲೆ ಗುಂಡ್ಲುಪೇಟೆಯ ಹುಡುಗ ಊಟಿ ವಿಷಯ ತೆಗೆದ. ನಮ್ಮ ಗಡಿ ದಾಟಿದರೆ ನೀಲಗಿರಿ ಜಿಲ್ಲೆ. ಅಲ್ಲಿ 2022ರಿಂದ ಸರ್ಕಾರಿ ಮದ್ಯದಂಗಡಿಗಳಲ್ಲಿ ಬಾಟಲಿಗೆ 10 ರೂಪಾಯಿ ಜಾಸ್ತಿ ತೆಗೆದುಕೊಂಡು, ಖಾಲಿ ಬಾಟಲಿ ವಾಪಸ್ ಕೊಟ್ಟರೆ ಆ 10 ರೂಪಾಯಿ ಹಿಂದಕ್ಕೆ ಕೊಡುತ್ತಾರೆ. ಕಾಡಿನಲ್ಲಿ ಒಡೆದ ಗಾಜು ಆನೆಗಳ ಕಾಲಿಗೆ ಚುಚ್ಚುತ್ತದೆ ಅನ್ನುವ ಕಾರಣಕ್ಕೆ ಹೈಕೋರ್ಟ್ ಹೇಳಿ ಬಂದ ವ್ಯವಸ್ಥೆ ಅದು. “ಇಲ್ಲಿನ ಬಾಟಲಿ ಅಲ್ಲಿಗೆ ತಗೊಂಡೋದ್ರೆ?” ಅಂತ ಅವನೇ ಕೇಳಿ, “ಆಗಲ್ಲ, ಅವರು ಬಾಟಲಿ ಮೇಲೆ ಗುರುತು ಹಾಕಿರ್ತಾರೆ” ಅಂತ ಅವನೇ ಉತ್ತರ ಕೊಟ್ಟ. ಮಿಷಿಗನ್‌ನಲ್ಲೂ ಬೇರೆ ರಾಜ್ಯದ ಬಾಟಲಿ ತಂದು ಕೊಡುವುದು ಕಾನೂನಿಗೆ ವಿರುದ್ಧ. ಎರಡು ಕಡೆ ಎರಡು ಬೆಲೆ ಇದ್ದರೆ ಸರಕು ಹರಿಯುತ್ತದೆ, ಹರಿಯಬಾರದು ಅಂದರೆ ಯಾರಾದರೂ ಅಡ್ಡಗಟ್ಟಲೇಬೇಕು ಅನ್ನುವುದು ನ್ಯೂಯಾರ್ಕಿನಿಂದ ಹೊರಟು ಬಂಡೀಪುರದ ಹತ್ತಿರ ಬಂದು ನಿಂತಿತು. ಮರುದಿನ ಆ ಹುಡುಗ ಊಟಿ ಕಡೆ ಇರುವ ನೆಂಟರಿಂದ ಗುರುತಿರುವ ಬಾಟಲಿಯ ಫೋಟೋ ತರಿಸಿ ಮೊಬೈಲಿನಲ್ಲಿ ತೋರಿಸಿದ.

ಇದರಿಂದ ನಾನು ಕಲಿತಿದ್ದು ಒಂದೇ. ಈ ವೆಬ್‌ಸೈಟ್ ಪಾಠ ಮಾಡುವುದಿಲ್ಲ. ಕ್ಲಿಪ್ ಹಾಕಿ, ಎಲ್ಲರೂ ನೋಡಿ, “ಇದೇ ಆರ್ಬಿಟ್ರೇಜ್, ಅಗ್ಗದ ಕಡೆಯಿಂದ ತಂದು ಬೆಲೆ ಜಾಸ್ತಿ ಇರುವ ಕಡೆ ಕೊಟ್ಟು ಲಾಭ ಮಾಡುವುದು” ಅಂತ ಹೇಳಿ ಮುಗಿಸಿದರೆ ಅದು ಬೋರ್ಡ್ ಮೇಲಿನ ವ್ಯಾಖ್ಯೆಗಿಂತ ಏನೂ ಹೆಚ್ಚಲ್ಲ. ಪಾಠ ಇರುವುದು ಕ್ಲಿಪ್ ನಿಲ್ಲಿಸುವ ಜಾಗದಲ್ಲಿ. ಪಾತ್ರ ಯಾವುದೋ ಒಂದು ತೀರ್ಮಾನದ ಮುಂದೆ ನಿಂತಿರುತ್ತದಲ್ಲ, ಅದು ಬಾಯಿ ತೆರೆಯುವ ಮುಂಚೆ ನಿಲ್ಲಿಸಬೇಕು. ಅದನ್ನು ಹುಡುಕಲು ನಾವು ಮನೆಯಲ್ಲಿ ಕ್ಲಿಪ್ಪನ್ನು ಮೂರು ನಾಲ್ಕು ಸಲ ನೋಡಿರಬೇಕು, ಎಷ್ಟನೇ ಸೆಕೆಂಡಿಗೆ ನಿಲ್ಲಿಸಬೇಕು ಅಂತ ಚೀಟಿಯಲ್ಲಿ ಬರೆದುಕೊಂಡಿರಬೇಕು. ನಾನು ಎರಡನೇ ವಾರ ಈ ತಯಾರಿ ಇಲ್ಲದೆ ಹೋಗಿ ಒಂದು ಕ್ಲಿಪ್ ಸುಮ್ನೆ ಪೂರ್ತಿ ಓಡಿಸಿದೆ. ಮಕ್ಕಳು ನೋಡಿದರು, ಬೆಲ್ ಹೊಡೆಯಿತು, ಎದ್ದು ಹೋದರು.

ಚೈನೀಸ್ ರೆಸ್ಟೋರೆಂಟ್ ಕಂತು ಇದಕ್ಕೆ ತುಂಬಾ ಒಳ್ಳೆಯ ಉದಾಹರಣೆ. 1991ರದ್ದು. ಜೆರ್ರಿ, ಜಾರ್ಜ್, ಎಲೇನ್ ಸಿನಿಮಾಗೆ ಹೋಗುವ ಮುಂಚೆ ಊಟಕ್ಕೆ ಬಂದಿದ್ದಾರೆ. ಟೇಬಲ್ ಇಲ್ಲ. “ಐದು, ಹತ್ತು ನಿಮಿಷ” ಅನ್ನುತ್ತಾನೆ ಅಲ್ಲಿನವನು. ಆ ಐದು ಹತ್ತು ನಿಮಿಷ ಮುಗಿಯುವುದೇ ಇಲ್ಲ. ಇಡೀ ಕಂತೇ ಕಾಯುವುದು. ಎಲೇನ್‌ಗೆ ಹಸಿವಾಗಿ ಪ್ರಾಣ ಹೋಗುತ್ತಿದೆ. ದುಡ್ಡು ಕೊಟ್ಟು ನೋಡುತ್ತಾರೆ, ಅದೂ ಕೆಲಸ ಮಾಡುವುದಿಲ್ಲ. ಕೊನೆಗೆ ಬೇಸತ್ತು ಹೊರಗೆ ಹೋಗುತ್ತಾರೆ. ಅವರು ಬಾಗಿಲು ದಾಟಿದ ಮೇಲೆ ಒಳಗಿನಿಂದ ಕೂಗು ಬರುತ್ತದೆ: “ಸೈನ್‌ಫೆಲ್ಡ್!”

ಮುಳುಗಿದ ವೆಚ್ಚದ ಪಾಠಕ್ಕೆ ಅಂತ ಇದನ್ನು ತೆಗೆದುಕೊಂಡೆ. ಕಾದ ಸಮಯ ಹೋಯಿತು, ಅದು ವಾಪಸ್ ಬರುವುದಿಲ್ಲ, ಆದ್ದರಿಂದ ಮುಂದಿನ ತೀರ್ಮಾನದಲ್ಲಿ ಅದಕ್ಕೆ ಜಾಗ ಇಲ್ಲ. ಬಸ್ ಸ್ಟಾಂಡಿನಲ್ಲಿ ದಿನಾ ಕಾಯುವ ಮಕ್ಕಳಿಗೆ ಇದು ತಕ್ಷಣ ಹಿಡಿಯಿತು. “ಇಷ್ಟೊತ್ತು ಕಾದಿದ್ದೀವಿ, ಈಗ ಆಟೋ ಹತ್ತಿದ್ರೆ ಹಿಂದೆನೇ ಬಸ್ ಬರುತ್ತೆ” ಅನ್ನುವ ಮಾತು ಎಲ್ಲರೂ ಆಡಿದವರೇ ಅಲ್ವಾ. ಆದರೆ ಕೊನೆಯ ಕೂಗು ಬಂದ ಮೇಲೆ ಅರ್ಧ ಕ್ಲಾಸು ತಿರುಗಿಬಿತ್ತು. ನೋಡಿ ಮೇಡಂ, ಇನ್ನೊಂದು ನಿಮಿಷ ಇದ್ದಿದ್ದರೆ ಊಟ ಸಿಗುತ್ತಿತ್ತು, ಹೋಗಿದ್ದು ತಪ್ಪು ಅಂತ. ಅವರಿಗೆ ಆಗ ಗೊತ್ತಿದ್ದದ್ದು ಏನು ಅಂತ ಕೇಳಿದೆ. ಎಷ್ಟು ಸಲ ಕೇಳಿದರೂ “ಐದು, ಹತ್ತು ನಿಮಿಷ” ಅನ್ನುವ ಮನುಷ್ಯ, ತಮಗಿಂತ ಆಮೇಲೆ ಬಂದವರಿಗೆ ಟೇಬಲ್ ಕೊಟ್ಟಿದ್ದು, ಸಿನಿಮಾ ಹೊತ್ತು. ಅಷ್ಟು ಗೊತ್ತಿದ್ದಾಗ ಹೊರಟಿದ್ದು ತಪ್ಪಾ? ಫಲ ಕೆಟ್ಟದ್ದಾದರೆ ತೀರ್ಮಾನವೂ ಕೆಟ್ಟದ್ದೇ ಅಂತ ಹೇಳಬಹುದಾ? ಇದು ಪಠ್ಯದಲ್ಲಿ ಇಲ್ಲ. ಪರೀಕ್ಷೆಯಲ್ಲಿ ಬರುವುದಿಲ್ಲ. ಆದರೆ ಬೆಳೆ ಹಾಕುವ ಮನೆಗಳಿಂದ ಬಂದ ಮಕ್ಕಳು ಇದನ್ನು ನನಗಿಂತ ಚೆನ್ನಾಗಿ ಬಲ್ಲವರು. ಟೊಮ್ಯಾಟೊ ಹಾಕಿದಾಗ ರೇಟ್ ಇತ್ತು, ಕೀಳುವ ಹೊತ್ತಿಗೆ ಬಿತ್ತು, ಹಾಕಿದ್ದೇ ತಪ್ಪು ಅಂತ ಮನೆಯಲ್ಲಿ ಅಪ್ಪನಿಗೆ ಎಲ್ಲರೂ ಬೈದರು ಅಂತ ಒಬ್ಬಳು ಹೇಳಿದಳು. ಹೇಳುವಾಗ ಅವಳ ಧ್ವನಿ ಸಣ್ಣದಾಯಿತು. ಆ ದಿನ ನಾನು ಅಲ್ಲಿಗೇ ನಿಲ್ಲಿಸಿದೆ.

ಮಫಿನ್ ಕ್ಲಿಪ್ ಇದಕ್ಕಿಂತ ಹಗುರ. 1997ರ ಕಂತು. ಮಫಿನ್ ಅನ್ನುವುದು ಕಪ್‌ಕೇಕ್ ತರಹದ ತಿಂಡಿ, ಮೇಲಿನ ಉಬ್ಬಿದ ಭಾಗವೇ ರುಚಿ. ಎಲೇನ್ ಹೇಳಿದ್ದ ಉಪಾಯ ಕದ್ದು ಅವಳ ಹಳೆಯ ಬಾಸ್ ಬರೀ ಮಫಿನ್ ತಲೆ ಮಾರುವ ಅಂಗಡಿ ತೆಗೆಯುತ್ತಾನೆ. ವ್ಯಾಪಾರ ಆಗುವುದಿಲ್ಲ. ಎಲೇನ್ ಬಂದು ಗುಟ್ಟು ಹೇಳುತ್ತಾಳೆ, ಬರೀ ತಲೆ ಬೇಯಿಸಿದರೆ ಆ ರುಚಿ ಬರಲ್ಲ, ಪೂರ್ತಿ ಮಫಿನ್ ಮಾಡಿ ತಲೆ ಕಿತ್ತು ಬುಡ ಎಸೆಯಬೇಕು ಅಂತ. ವ್ಯಾಪಾರ ಕುದುರುತ್ತದೆ. ಈಗ ಬುಡಗಳನ್ನು ಏನು ಮಾಡುವುದು? ನಿರ್ಗತಿಕರ ಕೇಂದ್ರದವರಿಗೆ ಬೇಡ. ಕಸದ ಗುಂಡಿಯವರೂ ತೆಗೆದುಕೊಳ್ಳುವುದಿಲ್ಲ. ಕೊನೆಗೆ ನ್ಯೂಮನ್ ಕೂತು ತಿನ್ನುತ್ತಾನೆ.

ಉಪ ಉತ್ಪನ್ನ, ವಿಲೇವಾರಿಯ ಖರ್ಚು, ಬೇರೆಯವರ ತಲೆಗೆ ಕಟ್ಟುವ ಹೊರೆ, ಉಪಾಯಕ್ಕೆ ಒಡೆತನ ಇದೆಯಾ ಇಲ್ಲವಾ ಅನ್ನುವುದು, ಇಷ್ಟೂ ಆ ಒಂದು ಕಥೆಯಲ್ಲಿ ಇದೆ. ಆಲೆಮನೆ ಇರುವ ಮನೆಯ ಹುಡುಗನೊಬ್ಬ, “ನಮ್ಮಲ್ಲಿ ಎಸೆಯೋದು ಏನೂ ಇಲ್ಲ ಮೇಡಂ, ಕಬ್ಬಿನ ಸಿಪ್ಪೆ ಒಣಗಿಸಿ ಅದನ್ನೇ ಒಲೆಗೆ ಹಾಕ್ತೀವಿ” ಅಂದ. ಆ ಸಿಪ್ಪೆ ಇಲ್ಲದಿದ್ದರೆ ಕೊಪ್ಪರಿಗೆ ಕೆಳಗೆ ಉರಿಸಲು ಸೌದೆ ಕೊಳ್ಳಬೇಕಿತ್ತು, ಆಗ ಬೆಲ್ಲದ ಲೆಕ್ಕ ಎಲ್ಲಿಗೆ ಹೋಗುತ್ತಿತ್ತು ಅಂತ ಅವನ ಕೈಯಲ್ಲೇ ಬೋರ್ಡ್ ಮೇಲೆ ಹಾಕಿಸಿದೆ.

ಸೂಪ್ ಅಂಗಡಿಯ ಕ್ಲಿಪ್ ಎಲ್ಲಕ್ಕಿಂತ ಹೆಸರುವಾಸಿ, ಆದರೆ ನನ್ನ ಕ್ಲಾಸಿನಲ್ಲಿ ಅಷ್ಟು ಓಡಲಿಲ್ಲ. ಸೂಪ್ ಮಾರುವವನು ಗಿರಾಕಿಗಳನ್ನು ಗದರುತ್ತಾನೆ, ಇಷ್ಟ ಬರದಿದ್ದರೆ ಸೂಪ್ ಕೊಡುವುದಿಲ್ಲ, ಆದರೂ ಬೀದಿಯವರೆಗೆ ಸಾಲು. ಏಕಸ್ವಾಮ್ಯ ಇರುವವನ ದರ್ಪ ಅನ್ನುವುದಕ್ಕೆ ಸರಿಯಾಗಿದೆ. ಅವನ ಪಾಕವಿಧಾನ ಎಲೇನ್ ಕೈಗೆ ಸಿಕ್ಕ ಕೂಡಲೇ ಆ ದರ್ಪ ಇಳಿಯುತ್ತದೆ, ಅಂದರೆ ಬೇರೆಯವರು ಒಳಗೆ ಬರದಂತೆ ತಡೆದಿದ್ದ ಗೋಡೆ ಅದೊಂದೇ ಆಗಿತ್ತು. ಅಷ್ಟು ಉದ್ದ ಸಾಲಿದ್ದರೂ ಬೆಲೆ ಯಾಕೆ ಏರಿಸಲಿಲ್ಲ ಅನ್ನುವುದು ಒಳ್ಳೆಯ ಪ್ರಶ್ನೆ. ಆದರೆ ಆ ಕಂತಿನ ಮಜಾ ಎಲ್ಲ ಅವನ ಮಾತಿನ ಧಾಟಿಯಲ್ಲಿದೆ, ಅದು ನಮ್ಮ ಮಕ್ಕಳಿಗೆ ದಾಟಲಿಲ್ಲ.

ಇಲ್ಲಿಗೆ ಈ ತುಣುಕುಗಳ ಮುಖ್ಯ ತೊಡಕಿಗೆ ಬಂದೆವು. ಇವು ಅಮೆರಿಕದ ಮಕ್ಕಳಿಗಾಗಿ, ಅಮೆರಿಕದ ಮೇಷ್ಟ್ರುಗಳು ಆರಿಸಿದವು. ಮಾತು ತುಂಬಾ ವೇಗ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಮೊದಲ ಸಲ ಕೇಳಿದಾಗ ಹತ್ತರಲ್ಲಿ ಎರಡು ಮಾತು ಸಿಕ್ಕರೆ ಹೆಚ್ಚು. ಧಾರಾವಾಹಿಯೊಳಗೆ ಜನ ನಗುವ ಸದ್ದು ಬರುತ್ತದೆ, ಆಗ ನಮ್ಮ ಕ್ಲಾಸು ಸುಮ್ಮನೆ ಕೂತಿರುತ್ತದೆ, ನಾವು ಏನೋ ಬಿಟ್ಟೆವು ಅನ್ನುವ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಅದನ್ನು ನೋಡುವುದು ನನಗೆ ಕಷ್ಟವಾಯಿತು. ನಾನು ಕಂಡುಕೊಂಡ ದಾರಿ, ಕ್ಲಿಪ್ ಹಾಕುವ ಮುಂಚೆ ಇಡೀ ಸಂದರ್ಭವನ್ನು ಕನ್ನಡದಲ್ಲಿ ಕಥೆಯಂತೆ ಹೇಳುವುದು. ಯಾರು, ಎಲ್ಲಿ, ಏನು ಬೇಕು, ಏನು ಅಡ್ಡ ಬಂತು. ಆಮೇಲೆ ಕ್ಲಿಪ್ ಹಾಕಿದರೆ ಮುಖ ನೋಡಿ, ಕೈ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಕ್ರೇಮರ್ ಬಾಗಿಲು ತಳ್ಳಿಕೊಂಡು ಒಳಗೆ ಬರುವುದಕ್ಕೆ ಯಾವ ಭಾಷೆಯೂ ಬೇಡ, ಅದಕ್ಕೆ ಎಲ್ಲರೂ ನಕ್ಕರು.

ಎಲ್ಲ ಕ್ಲಿಪ್ಪೂ ಎಲ್ಲ ಕ್ಲಾಸಿಗೂ ಆಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ಕೊರತೆ ಅನ್ನುವ ಪಾಠಕ್ಕೆ ‘ಸ್ಪಾಂಜ್’ ಕಂತಿನಷ್ಟು ಸರಿಯಾದ ಉದಾಹರಣೆ ಕಷ್ಟ. ಎಲೇನ್ ಬಳಸುವ ಒಂದು ಗರ್ಭನಿರೋಧಕ ಮಾರುಕಟ್ಟೆಯಿಂದ ಮಾಯವಾಗುತ್ತದೆ. ಅವಳು ಅಂಗಡಿ ಅಂಗಡಿ ಅಲೆದು ಸಿಕ್ಕಷ್ಟು ಕೂಡಿಡುತ್ತಾಳೆ, ಆಮೇಲೆ ಈ ಗಂಡಸು ಅದರಲ್ಲಿ ಒಂದನ್ನು ಖರ್ಚು ಮಾಡುವಷ್ಟು ಯೋಗ್ಯನಾ ಅಂತ ಒಬ್ಬೊಬ್ಬರನ್ನೂ ತೂಗಿ ನೋಡುತ್ತಾಳೆ. ಅರ್ಥಶಾಸ್ತ್ರ ಅಂದರೆ ಇದೇ. ಆದರೆ ನಮ್ಮ ಮೊದಲ ವರ್ಷದ ಕ್ಲಾಸಿನಲ್ಲಿ ಅದನ್ನು ತೋರಿಸಿದರೆ ಹುಡುಗಿಯರು ತಲೆ ತಗ್ಗಿಸಿ ಕೂರಬೇಕಾಗುತ್ತದೆ, ಪಾಠ ಪಕ್ಕಕ್ಕೆ ಹೋಗುತ್ತದೆ. ನಾನು ತೋರಿಸಲಿಲ್ಲ. ಎಂಎ ಕ್ಲಾಸಿಗೆ ಪಾಠ ಮಾಡುವವರು ಯೋಚಿಸಬಹುದು.

ನನಗೆ ಇದು ಉಪಯೋಗಕ್ಕೆ ಬಂದಿದ್ದು ಪೂರ್ತಿ ಸೂಕ್ಷ್ಮ ಅರ್ಥಶಾಸ್ತ್ರಕ್ಕೆ. ಹಣದುಬ್ಬರ, ಬಜೆಟ್, ರಿಸರ್ವ್ ಬ್ಯಾಂಕ್ ಪಾಠಗಳಿಗೆ ನಾನು ಹಳೆಯ ದಾರಿಯಲ್ಲೇ ಇದ್ದೇನೆ. ‘ದಿ ಆಫೀಸ್’, ‘ದಿ ಬಿಗ್ ಬ್ಯಾಂಗ್ ಥಿಯರಿ’ ಧಾರಾವಾಹಿಗಳಿಗೂ ಇದೇ ರೀತಿ ಬೇರೆ ಅಧ್ಯಾಪಕರು ಮಾಡಿಟ್ಟ ವೆಬ್‌ಸೈಟ್‌ಗಳಿವೆ. ಮಕ್ಕಳಿಗೆ ಅವು ಸ್ವಲ್ಪ ಹತ್ತಿರ ಅನಿಸಬಹುದು. ಸೈನ್‌ಫೆಲ್ಡ್ ಮುಗಿದಾಗ ನನ್ನ ಕ್ಲಾಸಿನ ಯಾರೂ ಹುಟ್ಟಿರಲಿಲ್ಲ, ಪೇ ಫೋನ್ ಅಂದರೆ ಏನು ಅಂತಲೂ ನಾನೇ ಹೇಳಬೇಕಾಯಿತು. ನಮ್ಮ ಕನ್ನಡದ ಹಾಸ್ಯ ಧಾರಾವಾಹಿಗಳಲ್ಲೂ ಇಂಥ ದೃಶ್ಯಗಳು ಬೇಕಾದಷ್ಟಿವೆ. ಚೀಟಿ ಹಾಕಿ ಮೋಸ ಹೋಗುವವರು, ಬಾಡಿಗೆ ಮನೆ ಜಗಳ, ಡಿಸ್ಕೌಂಟ್ ಅಂತ ಬೇಡದ್ದನ್ನೆಲ್ಲ ತರುವ ಹೆಂಡತಿ ಅಥವಾ ಗಂಡ. ಆದರೆ ಯಾವ ದೃಶ್ಯ ಯಾವ ಪಾಠಕ್ಕೆ ಅಂತ ವಿಂಗಡಿಸಿ ಇಟ್ಟಿದ್ದನ್ನು ನಾನು ಎಲ್ಲೂ ನೋಡಿಲ್ಲ. ಯಾರಾದರೂ ಕೈ ಹಾಕುವುದಾದರೆ ನಾನೂ ಬರುತ್ತೇನೆ, ರಜೆಯಲ್ಲಿ ಕೂತು ನೋಡಲು ರೆಡಿ.

ಹೊಸದಾಗಿ ಶುರು ಮಾಡುವವರು ಮಫಿನ್ ಕ್ಲಿಪ್ಪಿನಿಂದ ಶುರು ಮಾಡಿ. ಅದಕ್ಕೆ ಹದಿನೈದು ನಿಮಿಷ ಸಾಕು, ಹಿನ್ನೆಲೆ ಹೇಳುವುದೂ ಕಮ್ಮಿ. ಕಾಲೇಜಿನ ನೆಟ್ ನಂಬಬೇಡಿ, ಮೊಬೈಲಿನಲ್ಲಿ ಡೇಟಾ ಇಟ್ಟುಕೊಂಡು ಹೋಗಿ, ಸ್ಪೀಕರ್ ಮುಂಚೆಯೇ ನೋಡಿಕೊಳ್ಳಿ. ವಾರಕ್ಕೆ ಒಂದಕ್ಕಿಂತ ಜಾಸ್ತಿ ಕ್ಲಿಪ್ ಬೇಡ. ಬಾಟಲಿ ಕ್ಲಿಪ್ಪಿಗೆ ಮಾತ್ರ ಒಂದು ಪೂರ್ತಿ ಪೀರಿಯಡ್ ಇಟ್ಟುಕೊಳ್ಳಿ, ಆಗುವುದಾದರೆ ಅದರ ಮುಂದಿನ ಪೀರಿಯಡ್ಡೂ ನಿಮ್ಮದೇ ಇರುವ ದಿನ ನೋಡಿ ಹಾಕಿ, ಮತ್ತೆ ಬೋರ್ಡ್ ಪೂರ್ತಿ ಒರೆಸಿಟ್ಟುಕೊಳ್ಳಿ, ಯಾಕಂದರೆ ಲೆಕ್ಕ ಬರೆಯಲು ಮಕ್ಕಳೇ ಎದ್ದು ಬರುತ್ತಾರೆ.